ಸ್ಪ್ರೇಯರ್ ಬೆಲ್ಟ್ ಕೆಳಗಿನ ಗಂಟು: ಎಕ್ಕದ ಹಾಲು ಹಚ್ಚಬೇಡಿ, ಡಾಕ್ಟರಿಗೆ ತೋರಿಸಿ

ಈ ವಾರ ಬೆಳೆ ಬಗ್ಗೆ ಅಲ್ಲ, ಬೆಳೆಯುವವರ ಮೈ ಬಗ್ಗೆ ಬರೀತಿದ್ದೀನಿ.

ನನ್ನ ಬಲ ಭುಜದ ಮೇಲೆ ನಿಂಬೆಹಣ್ಣಿನಷ್ಟು ಗಂಟು ಇತ್ತು. ಮೆತ್ತಗಿತ್ತು, ಒತ್ತಿದರೆ ಚರ್ಮದ ಕೆಳಗೆ ಜಾರುತ್ತಿತ್ತು, ನೋವಿರಲಿಲ್ಲ. ಕತ್ತಿನಲ್ಲಿ ನೇತಾಡುವ ಒಂದು ಸಣ್ಣ ನರಹುಲಿ ಬೇರೆ. 3 ವರ್ಷ ಎರಡನ್ನೂ ಅಂಗಿಯೊಳಗೆ ಮುಚ್ಚಿಟ್ಟುಕೊಂಡಿದ್ದೆ. 16 ಲೀಟರ್ ಸ್ಪ್ರೇಯರ್ ಹೊತ್ತಾಗೆಲ್ಲ ಬೆಲ್ಟ್ ಸರಿಯಾಗಿ ಆ ಗಂಟಿನ ಮೇಲೇ ಕೂರುತ್ತಿತ್ತು. ಡಾಕ್ಟರ್ ಹತ್ರ ಹೋಗದೆ ಇದ್ದಿದ್ದು ದುಡ್ಡಿಗಲ್ಲ. ಕ್ಯಾನ್ಸರ್ ಅಂದುಬಿಟ್ಟರೆ ಏನು ಗತಿ ಅನ್ನೋ ಭಯಕ್ಕೆ.

ನಾನು ಮಾಡಿದ ತಪ್ಪು

ತೋಟಕ್ಕೆ ರಾಸಾಯನಿಕ ಬೇಡ ಅನ್ನುವವನು ನಾನು. ಮೈಗೂ ನೈಸರ್ಗಿಕವೇ ಸಾಕು ಅಂದುಕೊಂಡು ನರಹುಲಿಗೆ ಎಕ್ಕದ ಹಾಲು ಹಚ್ಚಿದೆ. ಸುತ್ತಲಿನ ಚರ್ಮ ಸುಟ್ಟು ಹುಣ್ಣಾಯಿತು, ನರಹುಲಿ ಮಾತ್ರ ಅಲ್ಲೇ ಇತ್ತು. ತೋಟಗಾರಿಕೆ ಓದಿದವನಿಗೆ ಇಷ್ಟು ಗೊತ್ತಿರಬೇಕಿತ್ತು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಗೇರು ಸಿಪ್ಪೆಯ ಎಣ್ಣೆ, ಸುಣ್ಣ ಇವೆಲ್ಲ ಚರ್ಮ ಸುಡುವಂಥವೇ. ನೈಸರ್ಗಿಕ ಅಂದಮಾತ್ರಕ್ಕೆ ಸುರಕ್ಷಿತ ಅಲ್ಲ.

ಹುಣ್ಣು ನೋಡಿದ್ದು ಹೊಸಹಳ್ಳಿಯಲ್ಲಿರುವ ಅಕ್ಕ. "ಲೇ, ಟೊಮ್ಯಾಟೊ ಎಲೆ ಮುದುಡಿದ್ರೆ ಫೋಟೊ ತೆಗೆದು ಹತ್ತು ಜನಕ್ಕೆ ಕಳಿಸ್ತೀಯ. ನಿನ್ನ ಭುಜ ಯಾರಿಗೆ ತೋರಿಸಿದೀಯ?" ಅಂದಳು. ಉತ್ತರ ಇರಲಿಲ್ಲ. ಮಾರನೇ ದಿನ ಅವಳೇ ಸರ್ಜನ್ ಹತ್ರ ಕರಕೊಂಡು ಹೋದಳು.

ಆಪರೇಷನ್ ಹೇಗಿತ್ತು?

ಡಾಕ್ಟರ್ ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿಸಿ, ಇದು ಲಿಪೋಮಾ, ಅಂದರೆ ಕೊಬ್ಬಿನ ಗಡ್ಡೆ ಅಂದರು. ಕತ್ತಿನದ್ದು ನರಹುಲಿಯೇ ಅಲ್ಲ, ಸ್ಕಿನ್ ಟ್ಯಾಗ್. ನರಹುಲಿ ವೈರಸ್‌ನಿಂದ ಬರುತ್ತದೆ, ಹರಡುತ್ತದೆ. ಸ್ಕಿನ್ ಟ್ಯಾಗ್ ಹರಡಲ್ಲ. "ಎರಡೂ ತೆಗೆಸಲೇಬೇಕು ಅಂತೇನಿಲ್ಲ. ತೊಂದರೆ ಕೊಡ್ತಿದ್ರೆ ತೆಗೆಯೋಣ" ಅಂದರು. ಬೆಲ್ಟ್ ಕಥೆ ಹೇಳಿದೆ.

ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಕೆಲವು ಸೆಕೆಂಡ್ ಉರಿ, ಆಮೇಲೆ ಎಳೆದ ಹಾಗೆ ಅನಿಸಿತು ಅಷ್ಟೇ. ಅರ್ಧ ಗಂಟೆಯಲ್ಲಿ ಬೆಣ್ಣೆ ಉಂಡೆಯಂಥ ಹಳದಿ ಗಡ್ಡೆ ಹೊರಗೆ ಬಂತು. ಅದನ್ನು ಲ್ಯಾಬ್‌ಗೆ ಕಳಿಸಿದರು. ಅವರೆ ಬೇರಿನಲ್ಲೂ ಗಂಟು, ಟೊಮ್ಯಾಟೊ ಬೇರಿನಲ್ಲೂ ಗಂಟು. ಒಂದು ಸಾರಜನಕ ಹಿಡಿಯುವ ರೈಜೋಬಿಯಂ, ಇನ್ನೊಂದು ನೆಮಟೋಡ್. ಪರೀಕ್ಷೆ ಮಾಡದೆ ಎಲ್ಲಾ ಗಂಟೂ ಒಂದೇ ಅನ್ನೋಕಾಗಲ್ಲ. ರಿಪೋರ್ಟ್ ಬರೋವರೆಗೆ ನನಗೆ ನಿದ್ದೆ ಇರಲಿಲ್ಲ. ಬಂತು, ಬರೀ ಕೊಬ್ಬು.

ರೈತರಿಗೆ ಮುಖ್ಯವಾದ ಮಾತು

"ಏನ್ ಕೆಲಸ ಮಾಡ್ತೀರಾ?" ಅಂತ ಡಾಕ್ಟರ್ ಕೇಳಿದರು. ಜೀವಾಮೃತ ಅಂದೆ. ಸಗಣಿ, ಮಣ್ಣಿನಲ್ಲಿ ಧನುರ್ವಾಯು ರೋಗಾಣು ಇರಬಹುದು ಅಂತ ಹೇಳಿ ಧನುರ್ವಾಯು ಇಂಜೆಕ್ಷನ್ ಕೊಟ್ಟರು. ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಮಾಗುವವರೆಗೆ ಸಗಣಿ, ಗಂಜಲ, ಕಾಂಪೋಸ್ಟ್ ಮುಟ್ಟುವಂತಿಲ್ಲ, ಭಾರ ಹೊರುವಂತಿಲ್ಲ. ಹಾಗಾಗಿ ನಾಟಿ, ಕೊಯ್ಲು ಮುಗಿಸಿಕೊಂಡು ದಿನ ಗೊತ್ತು ಮಾಡಿ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ.

ಇವು ಕಂಡರೆ ತಡ ಮಾಡಬೇಡಿ

- ಗಂಟು ಬೇಗ ಬೆಳೆಯುತ್ತಿದೆ, ಗಟ್ಟಿಯಾಗಿದೆ, ಒಳಗೆ ಅಂಟಿಕೊಂಡಿದೆ, ನೋಯುತ್ತಿದೆ ಅಥವಾ 5 ಸೆಂ.ಮೀ.ಗಿಂತ ದೊಡ್ಡದಿದೆ.
- ಮಚ್ಚೆಯ ಅಂಚು ಅಂಕುಡೊಂಕು, ಒಂದಕ್ಕಿಂತ ಹೆಚ್ಚು ಬಣ್ಣ, 6 ಮಿ.ಮೀ.ಗಿಂತ ಅಗಲ, ಆಕಾರ ಬದಲಾಗುತ್ತಿದೆ.
- ರಕ್ತ ಬರುತ್ತಿದೆ, ಹುಣ್ಣು ವಾಸಿಯಾಗ್ತಿಲ್ಲ.
- ಅಂಗಾಲಲ್ಲಿ ಅಥವಾ ಉಗುರಿನ ಕೆಳಗೆ ಹೊಸ ಕಪ್ಪು ಕಲೆ. ಬರಿಗಾಲಲ್ಲಿ ಗದ್ದೆಗೆ ಇಳಿಯುವವರು ಇದನ್ನ ಮುಳ್ಳು ಚುಚ್ಚಿದ್ದು ಅಂತ ಬಿಟ್ಟುಬಿಡ್ತಾರೆ.

ಫೋನಲ್ಲಿ ಪಕ್ಕಕ್ಕೆ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ, ತಿಂಗಳಿಗೊಮ್ಮೆ ಹೋಲಿಸಿ. ಸರ್ಕಾರದ ಇ-ಸಂಜೀವಿನಿಯಲ್ಲಿ ಮನೆಯಿಂದಲೇ ಉಚಿತವಾಗಿ ಡಾಕ್ಟರ್ ಜೊತೆ ಮಾತಾಡಬಹುದು. ನಮ್ಮ ಕಡೆಯವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್ ಸರ್ಕಾರಿ ಆಸ್ಪತ್ರೆ ಹತ್ತಿರ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡ್ ಮಾಡಿಸಿಕೊಳ್ಳಿ. ಇಂಥ ಸಣ್ಣ ಆಪರೇಷನ್‌ಗೆ ಅನ್ವಯಿಸುತ್ತಾ ಅಂತ ಆಸ್ಪತ್ರೆಯಲ್ಲಿ ಮೊದಲೇ ಕೇಳಿ.

ಈಗ ಸ್ಪ್ರೇಯರ್ ಹೊತ್ತರೆ ಭುಜದ ಮೇಲೆ ಬರೀ ಬೆಲ್ಟ್. 3 ವರ್ಷ ಹೆದರಿದ್ದಕ್ಕೆ ಉಳಿದಿದ್ದು ಕತ್ತಿನ ಮೇಲಿನ ಎಕ್ಕದ ಹಾಲಿನ ಕಲೆ ಒಂದೇ. ನಿಮ್ಮ ಮೈಮೇಲೆ ಮುಚ್ಚಿಟ್ಟ ಗಂಟು ಇದ್ದರೆ ಈ ವಾರವೇ ತೋರಿಸಿ.