ಕಂಬದ ಮನಿ

ಹಳೆಯ ಮಾಳಿಗೆ ಮನಿ ನಿಮ್ಮ ಊರಲ್ಲೂ ಇರಬೇಕು. ಒಳಗೆ ನಿಂತು ಮೇಲೆ ನೋಡ್ರಿ. ದಪ್ಪ ತೊಲಿ ಕಾಣುತ್ತದೆ. ತೊಲಿಯ ಮೇಲೆ ಅಡ್ಡ ಜಂತಿಗಳು. ಜಂತಿಯ ಮೇಲೆ ಸಣ್ಣ ಕಟ್ಟಿಗೆ, ಬೇವಿನ ಸೊಪ್ಪು. ಎಲ್ಲಕ್ಕೂ ಮೇಲೆ ಮಣ್ಣು. ಇಷ್ಟು ಭಾರ ಹೊತ್ತವರು ಯಾರು? ಗೋಡೆಯೋ, ಕಂಬವೋ?

ಮೊದಲು ಭಾರದ ಲೆಕ್ಕ ಮಾಡೋಣ. 10 ಅಡಿ ಉದ್ದ, 10 ಅಡಿ ಅಗಲದ ಮಾಳಿಗೆ. ಅದರ ಮೇಲೆ 1 ಅಡಿ ದಪ್ಪ ಮಣ್ಣು. ತೂಕ 4 ಟನ್ನಿಗೂ ಹೆಚ್ಚು! 50 ಕಿಲೋದ 80 ಸಿಮೆಂಟ್ ಚೀಲ ನಮ್ಮ ತಲೆಯ ಮೇಲೆ ಇದ್ದಂತೆ. ಮಳೆನೀರು ಕುಡಿದರೆ ಇನ್ನೂ ಭಾರ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಿಂದಿನವರು ಈ ಭಾರಕ್ಕೆ ಕಟ್ಟಿಗೆಯ ಕಂಬ ನಿಲ್ಲಿಸಿದರು. ಕಂಬದ ಕೆಳಗೆ ಒಂದು ಕಲ್ಲು. ಕಲ್ಲು ಇದ್ದರೆ ನೆಲದ ಹಸಿ ಕಟ್ಟಿಗೆಗೆ ಬೇಗ ಏರುವುದಿಲ್ಲ. ಕಂಬದ ತಲೆಗೆ ಬೋದಿಗೆ. ಬೋದಿಗೆಯ ಮೇಲೆ ತೊಲಿ ಕೂಡುತ್ತದೆ. ಬಡಿಗೇರರು ತುದಿಯನ್ನು ಸಣ್ಣಗೆ ಕೆತ್ತಿ ತೂತಿನಲ್ಲಿ ಕೂಡಿಸುತ್ತಿದ್ದರು. ಮೊಳೆ ಬೇಕಿರಲಿಲ್ಲ. ಹಂಗಾಗಿ ಮನಿ ಬಿಚ್ಚಿ, ಅದೇ ಕಂಬ ಬೇರೆ ಕಡೆ ನಿಲ್ಲಿಸಲು ಬರುತ್ತದೆ. ಉಳ್ಳವರು ಸಾಗವಾನಿ ತರಿಸಿದರು. ಉಳಿದವರಿಗೆ ಹೊಲದ ಬೇವು, ಜಾಲಿ.

ಎರಡು ಕಂಬದ ನಡುವಿನ ಜಾಗಕ್ಕೆ ಖಣ ಅಂತಾರ. ಅಂಕಣ ಅಂತಲೂ ಅಂತಾರ. "ನಿಮ್ಮದು ಎಷ್ಟು ಖಣದ ಮನಿ?" ಎಂದು ಹಿರಿಯರು ಕೇಳುವುದು ಇದಕ್ಕೇ. ದನಗಳು ತಗ್ಗಿನ ಖಣದಲ್ಲಿ, ಮಂದಿ ಎತ್ತರದ ಪಡಸಾಲಿಯಲ್ಲಿ. ಒಲೆಯ ಹೊಗೆ ಮಾಳಿಗೆಯ ಬೆಳಕಿಂಡಿಯಿಂದ ಹೊರಗೆ.

ದೂರದ ಇಂಗ್ಲೆಂಡಿನಲ್ಲೂ 600 ವರ್ಷಗಳ ಹಿಂದೆ ಕಟ್ಟಿಗೆಯ ಕಂಬ ತೊಲಿಯ ಮನಿಗಳಿದ್ದವು. ನಡುವೆ ಒಂದೇ ದೊಡ್ಡ ಪಡಸಾಲಿ. ಬೆಂಕಿ ನೆಲದ ನಡುವೆಯೇ! ಕೆಲವು ಮನಿಗಳ ತೊಲಿಗೆ ಆ ಹೊಗೆಯ ಕಪ್ಪು ಇನ್ನೂ ಇದೆ. ಅಲ್ಲಿ ಚಳಿ ಹೆಚ್ಚು, ಮಾಳಿಗೆ ಇಳಿಜಾರು. ನಮ್ಮಲ್ಲಿ ಬಿಸಿಲು ಹೆಚ್ಚು, ಮಾಳಿಗೆ ಸಪಾಟು. ದಪ್ಪ ಮಣ್ಣು ಮನಿಯನ್ನು ತಂಪು ಇಡುತ್ತದೆ.

2019ರ ಆಗಸ್ಟಿನಲ್ಲಿ ಘಟಪ್ರಭಾ ಹೊಳೆಗೆ ಮಹಾಪೂರ ಬಂತು. ಗೋಕಾಕದಲ್ಲಿ, ಮೂಡಲಗಿ ತಾಲೂಕಿನ ಹೊಳೆದಂಡಿಯ ಊರುಗಳಲ್ಲಿ ಎಷ್ಟೋ ಮನಿ ಬಿದ್ದವು. ನೀರಲ್ಲಿ ನಿಂತ ಮಣ್ಣಿನ ಗೋಡೆ ಬುಡದಲ್ಲಿ ಕರಗುತ್ತದೆ. ತೊಲಿಯ ತುದಿ ಗೋಡೆಯ ಮೇಲೆಯೇ ಕೂತಿದ್ದರೆ, ಗೋಡೆಯ ಸಂಗಡ ಮಾಳಿಗೆಯೂ ಬೀಳುತ್ತದೆ. ತುದಿಯ ಕೆಳಗೂ ಗಟ್ಟಿ ಕಂಬ ಇದ್ದರೆ, ಗೋಡೆ ಬಿದ್ದರೂ ಮಾಳಿಗೆ ನಿಲ್ಲಬಹುದು. ಓಡಿ ಹೊರಗೆ ಬರಲು ಅಷ್ಟು ಹೊತ್ತು ಸಾಕು.

ನಿಮ್ಮ ಮನಿಯ ತೊಲಿ ಎಲ್ಲಿ ಕೂತಿದೆ? ಮಳೆಗಾಲಕ್ಕೆ ಮುಂಚೆ ನೋಡ್ರಿ. ಗೋಡೆಗೆ ಹತ್ತಿದ ಕಂಬವನ್ನು ಮರೆಯಬೇಡ್ರಿ. ಗೆದ್ದಲು ಅಲ್ಲಿಯೇ ಕದ್ದು ಕೂಡುತ್ತದೆ. ಕಂಬದ ಬುಡವನ್ನು ಕಲ್ಲಿನಿಂದ ತಟ್ಟಿರಿ. ಪೊಳ್ಳು ಸಪ್ಪಳ ಬಂದರೆ ಬಡಿಗೇರರನ್ನು ಕರೆಯಿರಿ. ಮಾಳಿಗೆ ಸೋರಿದರೆ ವರ್ಷಾ ಹೊಸ ಮಣ್ಣು ಏರಿಸುವ ರೂಢಿ ಇದೆ. ಇದು ಅಪಾಯ. ಮೊದಲು ಹಳೆಯ ಮಣ್ಣು ಇಳಿಸಿರಿ, ಆಮೇಲೆ ಹೊಸದು ಹಾಕಿರಿ.