ಹೊಲದಲ್ಲಿ ದೊರೆತ ಲೋಹವನ್ನು ಗುರುತಿಸುವ ಕ್ರಮ

ಉಳುವಾಗ, ಬಾವಿ ತೋಡುವಾಗ ಅಥವಾ ಲೋಹಶೋಧಕ ಯಂತ್ರದಿಂದ ನೆಲವನ್ನು ಪರೀಕ್ಷಿಸುವಾಗ ಗುರುತು ತಿಳಿಯದ ಲೋಹದ ತುಂಡುಗಳು ದೊರೆಯುವುದುಂಟು. ಯಂತ್ರವು ಲೋಹವಿರುವುದನ್ನು ಸೂಚಿಸುವುದೇ ಹೊರತು, ಅದು ಮುರಿದ ಗುಳವೋ ಹಳೆಯ ನಾಣ್ಯವೋ ಎಂಬುದನ್ನು ಖಚಿತವಾಗಿ ಹೇಳಲಾರದು.

ಸಿಡಿಗುಂಡಿನಂತೆ ತೋರುವ ವಸ್ತುವನ್ನು ಮುಟ್ಟದೆ ಪೋಲೀಸರಿಗೆ ತಿಳಿಸತಕ್ಕದ್ದು. ಉಳಿದವುಗಳನ್ನು ಮೊದಲು ಬಣ್ಣದಿಂದ ಪರೀಕ್ಷಿಸಬಹುದು. ಹಸಿರು ಕಿಲುಬು ಹಿಡಿದದ್ದು ತಾಮ್ರ, ಕಂಚು ಅಥವಾ ಹಿತ್ತಾಳೆ, ಕೆಂಗಂದು ತುಕ್ಕು ಹಿಡಿದು ಸೂಜಿಗಲ್ಲಿಗೆ ಅಂಟುವುದು ಕಬ್ಬಿಣ, ಬೂದುಬಣ್ಣದ, ಗಾತ್ರಕ್ಕೆ ಮೀರಿ ಭಾರವಾದ ಮೆತ್ತನೆಯ ಲೋಹವು ಸೀಸ, ಕಪ್ಪಡರಿದ್ದು ಬೆಳ್ಳಿಯಿರಬಹುದು. ಚಿನ್ನವು ಮಾತ್ರ ಎಷ್ಟು ಕಾಲ ಮಣ್ಣಿನಲ್ಲಿದ್ದರೂ ತುಕ್ಕು ಹಿಡಿಯದು.

ಅಕ್ಷರ, ಚಿತ್ರಗಳಿಲ್ಲದ ಗಟ್ಟಿ ತುಂಡಾದರೆ ತೂಕದಿಂದಲೂ ತಿಳಿಯಬಹುದು. ತುಂಡನ್ನು ಮೊದಲು ಗಾಳಿಯಲ್ಲಿ, ಅನಂತರ ದಾರದಿಂದ ನೀರಿನಲ್ಲಿ ಮುಳುಗಿಸಿ ತೂಗಬೇಕು. ಗಾಳಿಯಲ್ಲಿ ೧೭೮ ಗ್ರಾಂ, ನೀರಿನಲ್ಲಿ ೧೫೮ ಗ್ರಾಂ ಇದ್ದರೆ ಕಡಿಮೆಯಾದದ್ದು ೨೦ ಗ್ರಾಂ. ೧೭೮ನ್ನು ೨೦ರಿಂದ ಭಾಗಿಸಿದರೆ ೮.೯, ಇದು ತಾಮ್ರದ ಲೆಕ್ಕ. ಕಬ್ಬಿಣಕ್ಕೆ ಸುಮಾರು ೭.೯, ಬೆಳ್ಳಿಗೆ ೧೦.೫, ಸೀಸಕ್ಕೆ ೧೧.೩, ಚಿನ್ನಕ್ಕೆ ೧೯.೩ ಬರುವುದು. ಬೆರಕೆಯಿದ್ದರೂ ತುಕ್ಕು ತಿಂದಿದ್ದರೂ ಈ ಅಂಕಿಗಳು ವ್ಯತ್ಯಾಸವಾಗುವುವು.

ಅಕ್ಷರಗಳು ಕಂಡರೆ ಯಾವ ಪರೀಕ್ಷೆಯನ್ನೂ ಮಾಡಬಾರದು. ಮನೆಯ ಪಾತ್ರೆಯಂತೆ ಹುಣಸೆಹಣ್ಣು ಹಚ್ಚಿ ಬೆಳಗುವುದು, ಅರದಿಂದ ಉಜ್ಜುವುದು, ಕಂಚುಗಾರನಿಗೆ ಕೊಟ್ಟು ಕರಗಿಸುವುದು ದೊಡ್ಡ ನಷ್ಟಕ್ಕೆ ಕಾರಣ. ತಾಮ್ರಶಾಸನಗಳಲ್ಲಿ ದಾನಕೊಟ್ಟ ಭೂಮಿಯ ಎಲ್ಲೆ, ಕೆರೆ, ಊರುಗಳ ಹೆಸರುಗಳು ಬರೆದಿರುತ್ತವೆ. ಅಳಿದ ಅಕ್ಷರ ಮರಳಿ ಬಾರದು. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ನೆಲದಿಂದ ಹೊರಬಿದ್ದ ರೋಮನ್ ಬೆಳ್ಳಿ ನಾಣ್ಯಗಳೂ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ಶಾತವಾಹನರ ಕಾಲದ ಸೀಸದ ನಾಣ್ಯಗಳೂ ಕರಗಿಹೋಗದೆ ಉಳಿದುದರಿಂದಲೇ ಆ ಕಾಲದ ವ್ಯಾಪಾರ ಮತ್ತು ಆಳಿಕೆಗಳ ಸಂಗತಿ ತಿಳಿಯಿತು.

ಆದಕಾರಣ, ದೊರೆತ ವಸ್ತುವನ್ನು ಅಂಟಿದ ಮಣ್ಣಿನೊಡನೆ ಒಣ ಬಟ್ಟೆಯಲ್ಲಿ ಸುತ್ತಿಡಬೇಕು. ಸರ್ವೆ ನಂಬರು, ಆಳ, ದಿನಾಂಕ, ಜೊತೆಯಲ್ಲಿದ್ದ ಮಡಕೆಚೂರು ಮೊದಲಾದವನ್ನು ಬರೆದಿಡಬೇಕು. ನಿಧಿಗೆ ಸಂಬಂಧಿಸಿದ ೧೯೬೨ರ ಕರ್ನಾಟಕದ ಕಾಯಿದೆ ಜಾರಿಯಲ್ಲಿದೆ. ನಿಧಿಯೆಂದು ತೋರುವ ವಸ್ತುವಿನ ವಿಷಯವನ್ನು ಡೆಪ್ಯುಟಿ ಕಮೀಷನರಿಗೆ ಬರವಣಿಗೆಯಲ್ಲಿ ತಿಳಿಸತಕ್ಕದ್ದು. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯಲೇಬಾರದು. ಗ್ರಾಮದ ಮುಖಂಡರು ಈ ವಿಷಯವನ್ನು ಉಳುವವರಿಗೂ ಕೂಲಿಯಾಳುಗಳಿಗೂ ಮುಂಚಿತವಾಗಿ ತಿಳಿಸಿದರೆ, ದೊರೆತ ವಸ್ತುವು ಕುಲುಮೆಯ ಪಾಲಾಗದೆ ಉಳಿಯುವುದು.