ಬಾಗಿಲು ಯಾರ ಅಳತೆಗೆ?

1966ರಲ್ಲಿ ಅಮೆರಿಕದ ಕಿರುತೆರೆಗೆ ಬಂದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ನೌಕೆಯಲ್ಲಿ ಕುರ್ಚಿ, ಬಾಗಿಲು, ಗುಂಡಿ ಎಲ್ಲವೂ ಮನುಷ್ಯನ ಮೈಕಟ್ಟಿಗೆ ಹೊಂದುವಂಥವು. ಅಲ್ಲಿಗೆ ಬರುವ ಅನ್ಯಲೋಕದವರೂ ಬಹುಪಾಲು ಎರಡು ಕಾಲಿನವರೇ. ಸೀಮಿತ ಬಜೆಟ್ಟಿನಲ್ಲಿ ಮನುಷ್ಯ ನಟರಿಗೇ ವೇಷ ಹಾಕಿಸಬೇಕಿತ್ತು, ನಿಜ. ಆದರೆ ಇದರಿಂದ ಅತಿಥಿ ಯಾರಾಗಬಹುದು ಎಂಬುದನ್ನು ಕಟ್ಟಡವೇ ತೀರ್ಮಾನಿಸಿದಂತಾಯಿತು.

ಉತ್ತರ ಐರ್ಲೆಂಡಿನ ಲೇಖಕ ಜೇಮ್ಸ್ ವೈಟ್ ಬೇರೆ ದಾರಿ ಹಿಡಿದರು. 1957ರಲ್ಲಿ ಆರಂಭವಾದ ಅವರ ‘ಸೆಕ್ಟರ್ ಜನರಲ್’ ಕಥೆಗಳು ನಡೆಯುವುದು ಬಾಹ್ಯಾಕಾಶದಲ್ಲಿರುವ 384 ಅಂತಸ್ತುಗಳ ಆಸ್ಪತ್ರೆಯಲ್ಲಿ. ಕ್ಲೋರಿನ್ ಉಸಿರಾಡುವ ರೋಗಿಗೆ ಒಂದು ವಾರ್ಡು, ನೀರಲ್ಲಿ ಬದುಕುವವರಿಗೆ ಇನ್ನೊಂದು, ಕಡುಚಳಿಯ ಜೀವಿಗಳಿಗೆ ಮತ್ತೊಂದು. ಗಾಳಿ, ಒತ್ತಡ, ಗುರುತ್ವ, ಉಷ್ಣತೆ ಎಲ್ಲವೂ ಬೇರೆ ಬೇರೆ. ಅಲ್ಲಿಗೆ ಹೋಗುವ ಮನುಷ್ಯ ವೈದ್ಯನೇ ರಕ್ಷಾಕವಚ ತೊಡಬೇಕು. ಪರಕೀಯ ಎಂಬ ಪಟ್ಟ ವಾರ್ಡಿನಿಂದ ವಾರ್ಡಿಗೆ ಬದಲಾಗುತ್ತದೆ.

ಆತಿಥ್ಯದ ಪಾತ್ರ ತಿರುಗುಮುರುಗಾಗುವುದೂ ಉಂಟು. ಸ್ಟ್ಯಾನ್ಲಿ ಕುಬ್ರಿಕ್ 1968ರಲ್ಲಿ ನಿರ್ದೇಶಿಸಿದ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಗಗನಯಾತ್ರಿ ಬೋಮನ್ ಕೊನೆಗೆ ತಲುಪುವುದು ಹಳೆಯ ಫ್ರೆಂಚ್ ಶೈಲಿಯ ಮಲಗುವ ಕೋಣೆಗೆ. ಅದು ಅವನಿಗಾಗಿ ಅನ್ಯಜೀವಿಗಳು ಸಜ್ಜುಗೊಳಿಸಿದ ತಾಣ. ಅವರು ಮಾತ್ರ ತೆರೆಯ ಮೇಲೆ ಕಾಣುವುದೇ ಇಲ್ಲ.

ಡೆನಿ ವಿಲ್ನೇವ್ ಅವರ ‘ಅರೈವಲ್’ (2016) ನಡುವಿನ ದಾರಿ ತೋರಿಸುತ್ತದೆ. ಏಳು ಕಾಲಿನ ಜೀವಿಗಳಿರುವ ನೌಕೆಯೊಳಗೆ ಗುರುತ್ವದ ದಿಕ್ಕೇ ಬದಲಾಗಿ, ಗೋಡೆ ನೆಲವಾಗುತ್ತದೆ. ಪಾರದರ್ಶಕ ತಡೆಯ ಆಚೆ ಅವರ ಮಂಜು, ಈಚೆ ನಮ್ಮ ಗಾಳಿ. ಎರಡೂ ಕಡೆಯವರು ಸುರಕ್ಷಿತವಾಗಿ ನಿಲ್ಲಲು ಜಾಗ ಸಿಕ್ಕ ಮೇಲೆಯೇ ಭಾಷೆಯ ಪಾಠ ಮುಂದುವರಿಯುತ್ತದೆ.

ಅನ್ಯಜೀವಿಯ ಮುಖಕ್ಕೆ ಮೊದಲು ಅದು ನಿಲ್ಲುವ ಜಾಗವನ್ನು ಕಲ್ಪಿಸಿದ ಕಥೆಗಳೇ ಭೇಟಿಯ ಕಷ್ಟವನ್ನೂ ಘನತೆಯನ್ನೂ ಹೆಚ್ಚು ಪ್ರಾಮಾಣಿಕವಾಗಿ ಹಿಡಿದಿವೆ.